ದಾಸವಾಳದ ಕಡ್ಡಿ, ತಿಮ್ಮಕ್ಕನ ಆಲ

ತುಮಕೂರು ರಸ್ತೆಯ ಲಾರಿ ದೂಳಿನ ನಡುವೆಯೂ ಮಾದನಾಯಕನಹಳ್ಳಿಯ ಹೆಂಗಸರು ದಾಸವಾಳದ ಕಡ್ಡಿ, ಅವರೆ ಬೀಜ ಹಂಚಿಕೊಂಡು ಕೈತೋಟ ಮಾಡುತ್ತಾರೆ. ಸಂಘವೆಂಬ ಹೆಸರಿಲ್ಲದಿದ್ದರೂ ಕೆಲಸ ಅದೇ. ಕಡ್ಡಿ ಗಿಣ್ಣಿನ ಬಳಿ ಬೇರೊಡೆದು ತಾಯಿಗಿಡದ ಬಣ್ಣದ್ದೇ ಹೂ ಬಿಡುತ್ತದೆ. ತರಗತಿಯಲ್ಲಿ ಇದಕ್ಕೆ ಕಾಯಜ ಸಂತಾನೋತ್ಪತ್ತಿ ಎನ್ನುತ್ತೇವೆ.

ಆಲವೂ ಕೊಂಬೆಯಿಂದ ಬೇರೊಡೆಯುವ ಜಾತಿಯೇ. ಅದರ ದೊಡ್ಡ ಪಾಠ ನೆಲಮಂಗಲದಾಚೆ, ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿದೆ. ಶಾಲೆ ಕಾಣದ ಸಾಲುಮರದ ತಿಮ್ಮಕ್ಕ ಪತಿ ಚಿಕ್ಕಯ್ಯನವರೊಡನೆ ಮೊದಲ ವರ್ಷ 10 ಆಲದ ಸಸಿ ನೆಟ್ಟರು. ಮರುವರ್ಷ 15, ಆಮೇಲೆ 20. ನೆಟ್ಟದ್ದು ಮಳೆಗಾಲದಲ್ಲಿ. ಬೇರು ಮಣ್ಣು ಹಿಡಿಯುವ ತನಕ ಎಲೆಗಳಿಂದ ಆವಿಯಾಗುವ ನೀರನ್ನು ಸಸಿ ತುಂಬಿಕೊಳ್ಳಲಾರದು. ಮೋಡದ ದಿನಗಳಲ್ಲಿ ಆ ನಷ್ಟ ಕಡಿಮೆ. ಬೇಸಿಗೆಗೆ ಹೊತ್ತು ತಂದ ನೀರು, ದನಗಳಿಗೆ ಅಡ್ಡವಾಗಿ ಮುಳ್ಳುಬೇಲಿ. ಹೀಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 385 ಮರಗಳು ಎದ್ದವು.

2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಉರುಳುವ ಭಯವೂ! ತಿಮ್ಮಕ್ಕ ಸರ್ಕಾರಕ್ಕೆ ಮೊರೆಯಿಟ್ಟರು. ಬದಲಿ ದಾರಿಯ ಭರವಸೆ ಸಿಕ್ಕಿತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು.

ಮಕ್ಕಳೇ, ಮಳೆ ಹಿಡಿದಾಗ ಅಮ್ಮನನ್ನು ಕೇಳಿ ಒಂದು ದಾಸವಾಳದ ಕಡ್ಡಿ ನೆಡಿ. ಎರಡು ಗಿಣ್ಣು ಮಣ್ಣಿನೊಳಗಿರಲಿ, ಕೆಳಗಿನ ಎಲೆ ಚಿವುಟಿ, ಕುಂಡವನ್ನು ನೆರಳಿನಲ್ಲಿಡಿ. ಬೇರು ಬಂತೇ ಎಂದು ದಿನಾ ಕಿತ್ತು ನೋಡಬೇಡಿ.