ಮಂಡಿ ನೋವಿಗೆ ನೆಟಿಕೆ ಸಾಕೇ? ಮನೆ ಬಾಗಿಲಲ್ಲೇ ಇದೆ ವ್ಯಾಯಾಮ ಚಿಕಿತ್ಸೆ

ಆಲಸನತ್ತಂ (ಹೊಸೂರು): ಹೂವಿನ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರು, ರಾಗಿ ಹೊಲದಲ್ಲಿ ದುಡಿದವರು ಐವತ್ತು ದಾಟಿದ ಮೇಲೆ ಹೇಳುವ ಮಾತು ಒಂದೇ: ‘ಮಂಡಿ ಹಿಡ್ಕೊಂಡಿದೆ, ಕೂತ್ರೆ ಏಳೋಕಾಗಲ್ಲ.’ ಸಲಹೆಗಳಿಗೇನೂ ಬರವಿಲ್ಲ. ಪುತ್ತೂರು ಕಟ್ಟು ಹಾಕಿಸಿ ಅನ್ನೋರು ಕೆಲವರು, ಬೆಂಗಳೂರಿಗೆ ಹೋಗಿ ಕೈರೋಪ್ರಾಕ್ಟಿಕ್ ಮಾಡಿಸಿ ಅನ್ನೋರು ಹಲವರು.

ಕೈರೋಪ್ರಾಕ್ಟಿಕ್ 1895ರಲ್ಲಿ ಅಮೆರಿಕದ ಡಿ.ಡಿ. ಪಾಮರ್ ಆರಂಭಿಸಿದ ಪದ್ಧತಿ. ಔಷಧವಿಲ್ಲದೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುತ್ತಾರೆ. ಆಗ ಕೇಳುವ ‘ಲಟಕ್’ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ, ಕೀಲಿನ ದ್ರವದೊಳಗಿನ ಅನಿಲದ ಗುಳ್ಳೆಯಿಂದ ಬರುವ ಶಬ್ದ.

ಸವೆದದ್ದು ಮರಳದು

ವಯಸ್ಸಾದವರ ಮಂಡಿ ನೋವಿಗೆ ಸಾಮಾನ್ಯ ಕಾರಣ ಕೀಲು ಸವೆತ, ಅಂದರೆ ಆಸ್ಟಿಯೊ ಆರ್ಥ್ರೈಟಿಸ್. ಮೂಳೆಗಳ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿ ತೆಳುವಾಗುತ್ತದೆ. ಯಾವ ನೆಟಿಕೆಯೂ ಅದನ್ನು ಮತ್ತೆ ಬೆಳೆಸದು. ಕೈಚಿಕಿತ್ಸೆಯಿಂದ ಕೆಲವರಿಗೆ ತಾತ್ಕಾಲಿಕ ಆರಾಮ ಸಿಗಬಹುದು. ಬ್ರಿಟನ್ನಿನ ‘ನೈಸ್’ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮಂಡಿ ಮತ್ತು ಸೊಂಟದ ಸವೆತಕ್ಕೆ ಕೈಚಿಕಿತ್ಸೆ ಮಾಡಿಸುವುದಾದರೆ ವ್ಯಾಯಾಮದ ಜೊತೆಗೇ ಮಾಡಿಸಬೇಕು. ಮುಖ್ಯ ಚಿಕಿತ್ಸೆ ವ್ಯಾಯಾಮ ಮತ್ತು ತೂಕ ಇಳಿಕೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ.

ಮೂಳೆ ಮುರಿದವರು ಹಾಕಿಸುವ ಕಟ್ಟು ಇಲ್ಲಿ ಕೆಲಸಕ್ಕೆ ಬಾರದು. ಕಾಲು ಅಲ್ಲಾಡಿಸದೆ ಇಟ್ಟಷ್ಟೂ ತೊಡೆಯ ಸ್ನಾಯು ಸೊರಗಿ ನೋವು ಹೆಚ್ಚಬಹುದು.

ಹೆಸರು ಕೇಳಿ ಮೋಸ ಹೋಗಬೇಡಿ

ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಹೆಸರು ಕೇಳಿ ಇದು ಮಕ್ಕಳ ಯೋಜನೆ ಅಂದುಕೊಳ್ಳಬೇಡಿ. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನ. ಬಿ.ಪಿ., ಶುಗರ್ ಮಾತ್ರೆಯ ಜೊತೆಗೆ ಅಗತ್ಯವಿದ್ದವರಿಗೆ ಮನೆಯಲ್ಲೇ ಫಿಸಿಯೋಥೆರಪಿ ಕೊಡುವುದೂ ಇದರಲ್ಲಿ ಸೇರಿದೆ. ನಿಮ್ಮ ಮನೆಯ ಅಜ್ಜ ಅಜ್ಜಿಗೆ ಇದು ಸಿಗುತ್ತದೆಯೇ ಎಂದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತಮಿಳು ಓದಲು ಬಾರದವರ ಜೊತೆ ಮನೆಯವರೊಬ್ಬರು ಹೋದರೆ ಒಳ್ಳೆಯದು.

ಮನೆಯಲ್ಲಿ ಮಾಡುವ ಸುಲಭ ವ್ಯಾಯಾಮ: ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ನಿಧಾನ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ. ಮೊದಮೊದಲು ಸ್ವಲ್ಪ ನೋವಾದರೆ ಹೆದರಬೇಕಿಲ್ಲ, ಜಾಸ್ತಿಯಾದರೆ ಕಡಿಮೆ ಮಾಡಿ.

ಎಚ್ಚರಿಕೆ

* ಮಂಡಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.
* ಮೂಳೆ ಟೊಳ್ಳಾದ ವೃದ್ಧರ ಬೆನ್ನು, ಕುತ್ತಿಗೆಗೆ ನೆಟಿಕೆ ತೆಗೆಸುವುದು ಅಪಾಯ.
* ಕಿಡ್ನಿ ತೊಂದರೆ, ಬಿ.ಪಿ. ಇರುವವರು ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗಬಾರದು.