ಸಂಬಳದಲ್ಲಿ ಹಿಡಿಯುವ ವಿಮೆ: ಸಬ್ಹಾನ್‌ನಲ್ಲಿ ಏಜೆಂಟ್ ಆಗುವ ಮುನ್ನ

ಕುವೈತ್ ವಿಮಾನ ನಿಲ್ದಾಣಕ್ಕೆ ಹತ್ತಿರದ ಸಬ್ಹಾನ್ ಕೈಗಾರಿಕಾ ಪ್ರದೇಶ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಹಾಲು, ಜ್ಯೂಸ್, ಐಸ್‌ಕ್ರೀಂ ಮಾಡುವ ಕೆಡಿಡಿ ಇರುವುದು ಅಲ್ಲೇ. ಸುತ್ತ ಕಾರ್ಖಾನೆಗಳು, ಗೋದಾಮುಗಳು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವ, ಕುಂದಾಪುರ ಕಡೆಯ ಗೆಳೆಯರೊಬ್ಬರಿಗೆ ಈಚೆಗೆ ಒಂದು ಆಫರ್ ಬಂದಿದೆ. ಹಾಲಿ ಕೆಲಸ ಬಿಡಬೇಕಿಲ್ಲ. ತಮ್ಮ ಮತ್ತು ಅಕ್ಕಪಕ್ಕದ ಕಂಪನಿಗಳ ನೌಕರರಿಗೆ ಹೆಚ್ಚುವರಿ ಅಪಘಾತ ವಿಮೆ, ಗಂಭೀರ ಕಾಯಿಲೆ ವಿಮೆ ಮಾರಬೇಕು. ಪ್ರೀಮಿಯಂ ಪ್ರತಿ ತಿಂಗಳು ಸಂಬಳದಲ್ಲೇ ಹಿಡಿಯುತ್ತಾರೆ. ಇವರಿಗೆ ಸಂಬಳವಿಲ್ಲ, ಕಮಿಷನ್ ಮಾತ್ರ. "ಮಾಡಲಾ?" ಎಂದು ಕೇಳಿದರು.

ಸಂಬಳದಲ್ಲಿ ವಿಮೆ ಹಿಡಿಯುವುದು ನಮಗೆ ಹೊಸತಲ್ಲ. ಅಪ್ಪನೋ ಅಮ್ಮನೋ ಸರ್ಕಾರಿ ನೌಕರಿಯಲ್ಲಿದ್ದ ಮನೆಗಳಲ್ಲಿ ಕೆಜಿಐಡಿ ಅನ್ನುವ ಪದ ಮಕ್ಕಳಿಗೂ ಪರಿಚಿತ. ಅದರ ಬೇರು 1891ರ ಮೈಸೂರು ಸಂಸ್ಥಾನದಲ್ಲಿದೆ. ಎಲ್‌ಐಸಿಯ ಸ್ಯಾಲರಿ ಸೇವಿಂಗ್ಸ್ ಸ್ಕೀಮ್ ಕೂಡ ಇದೇ ಜಾತಿಯದು. ಆದರೆ ಗೆಳೆಯರ ಮುಂದಿಟ್ಟಿದ್ದು ಅಮೆರಿಕದ ಮಾದರಿ. 1955ರಲ್ಲಿ ಜಾರ್ಜಿಯಾದ ಕೊಲಂಬಸ್‌ನಲ್ಲಿ ಶುರುವಾದ ಅಫ್ಲಾಕ್, 1964ರಿಂದ ಮನೆ ಮನೆ ಸುತ್ತುವುದನ್ನು ಬಿಟ್ಟು ಕಂಪನಿಗಳ ಒಳಗೇ ಹೋಗಿ ಮಾರತೊಡಗಿತು. ಒಬ್ಬ ಮಾಲೀಕ ಬಾಗಿಲು ತೆರೆದರೆ ಐವತ್ತು ಗ್ರಾಹಕರು ಒಂದೇ ಕಡೆ ಸಿಗುತ್ತಾರೆ.

ಮಾಲೀಕ ಬಾಗಿಲು ಯಾಕೆ ತೆರೆಯುತ್ತಾನೆ? ಅಮೆರಿಕದಲ್ಲಿ ಅದಕ್ಕೊಂದು ಗಟ್ಟಿ ಕಾರಣವಿದೆ. ಅಲ್ಲಿನ ತೆರಿಗೆ ಕಾನೂನಿನ ಸೆಕ್ಷನ್ 125ರ ಪ್ರಕಾರ ಇಂಥ ಹಲವು ಪ್ರೀಮಿಯಂಗಳನ್ನು ತೆರಿಗೆಗೆ ಮುಂಚೆಯೇ ಕಳೆಯಬಹುದು. ನೌಕರನಿಗೂ ಉಳಿತಾಯ, ಮಾಲೀಕನ ಪಾಲಿನ ಸೋಶಿಯಲ್ ಸೆಕ್ಯೂರಿಟಿ ತೆರಿಗೆಯಲ್ಲೂ ಉಳಿತಾಯ. ಕುವೈತಿನಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ. ಹಾಗಾಗಿ ಏಜೆಂಟನ ಕೈಯಲ್ಲಿ ಈ ಅಸ್ತ್ರವೂ ಇಲ್ಲ. ಉಳಿಯುವುದು ಎಚ್‌ಆರ್‌ನವರ ಪರಿಚಯ ಮತ್ತು ನಮ್ಮವರ ದಾಕ್ಷಿಣ್ಯ. ವಾರದ ರಜೆಯಲ್ಲಿ ಸಂಘದ ಕಾರ್ಯಕ್ರಮದಲ್ಲಿ ಜೊತೆಗೆ ಊಟ ಬಡಿಸಿದ ಅಣ್ಣ ಬಂದು ಫಾರ್ಮ್ ಮುಂದಿಟ್ಟರೆ ಬೇಡ ಅನ್ನುವುದು ಹೇಗೆ? ಆಫರ್ ಕೊಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಅಕೌಂಟ್ಸ್‌ನಲ್ಲಿರುವವರನ್ನೇ, ಅಂದರೆ ಸಂಬಳದ ಪಟ್ಟಿ ಮಾಡುವ ಕೈಯನ್ನೇ, ಅವರು ಹುಡುಕಿದ್ದು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಉದಾಹರಣೆಗೆ ಅಷ್ಟೇ: 60 ಜನ, ತಲಾ ತಿಂಗಳಿಗೆ 4 ದಿನಾರ್ ಪ್ರೀಮಿಯಂ. ವರ್ಷಕ್ಕೆ 2,880 ದಿನಾರ್. ಮೊದಲ ವರ್ಷ ಶೇ 20 ಕಮಿಷನ್ ಅಂದುಕೊಂಡರೆ 576. ಕೇಳಲು ಚೆನ್ನಾಗಿದೆ. ಎರಡನೇ ವರ್ಷದಿಂದ ಶೇ 5 ಅಂದುಕೊಳ್ಳಿ. ಅರವತ್ತೂ ಜನ ಉಳಿದರೆ 144. ಅಮೆರಿಕದ ಏಜೆಂಟ್ ಬದುಕುವುದು ಈ ನವೀಕರಣದ ಕಮಿಷನ್ ವರ್ಷ ವರ್ಷ ಪೇರಿಸಿಕೊಂಡು. ಸಬ್ಹಾನ್‌ನಲ್ಲಿ ಜನ ನಿಲ್ಲುವುದಿಲ್ಲ. ಕಾಂಟ್ರಾಕ್ಟ್ ಮುಗಿಸಿ ಊರಿಗೆ ಹೋಗುತ್ತಾರೆ, ಬೇರೆ ಕಂಪನಿಗೆ ರಿಲೀಸ್ ತಗೊಳ್ಳುತ್ತಾರೆ, ಕೆಲಸ ಹೋಯಿತೆಂದರೆ ಇಕಾಮವೂ ಹೋಯಿತು. ಇಪ್ಪತ್ತು ಜನ ಹೋದರೆ ಉಳಿಯುವುದು 96 ದಿನಾರ್. ಬೇಗ ನಿಂತುಹೋದ ಪಾಲಿಸಿಗಳ ಕಮಿಷನ್ ವಾಪಸ್ ಕೊಡಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ ಅದೂ ಕರಗುತ್ತದೆ.

ಕಾನೂನಿನ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಆರ್ಟಿಕಲ್ 18 ವೀಸಾದಲ್ಲಿರುವವರು ಇನ್ನೊಬ್ಬರಿಗೆ ಕೆಲಸ ಮಾಡಬೇಕೆಂದರೆ ಪಾರ್ಟ್‌ಟೈಮ್ ಪರ್ಮಿಟ್ ಬೇಕು. 2024ರ ಜನವರಿಯಿಂದ ಸಹೆಲ್ ಆ್ಯಪ್‌ನಲ್ಲಿ ಇದು ಶುರುವಾಯಿತು: ದಿನಕ್ಕೆ ನಾಲ್ಕು ಗಂಟೆ ಮೀರುವಂತಿಲ್ಲ, ಆಗ ನಿಗದಿಯಾದ ಶುಲ್ಕ ತಿಂಗಳಿಗೆ 5 ದಿನಾರ್, ವರ್ಷಕ್ಕೆ 30. ಹಾಲಿ ಮಾಲೀಕರ ಒಪ್ಪಿಗೆ ಬೇಕು. ವಿಮೆ ವ್ಯವಹಾರವೇ 2019ರ 125ನೇ ಕಾಯ್ದೆಯಡಿ ವಿಮಾ ನಿಯಂತ್ರಣ ಘಟಕದ ಕೈಯಲ್ಲಿದೆ. "ಪೇಪರ್ ಎಲ್ಲ ಆಮೇಲೆ ನೋಡೋಣ" ಅನ್ನುವವರ ಜೊತೆ ಒಂದು ಫಾರ್ಮನ್ನೂ ತುಂಬಿಸಬೇಡಿ.

ಇಷ್ಟಾದರೂ ಕೆಲಸ ಕೆಟ್ಟದ್ದು ಅಂತ ನಾನು ಹೇಳಲಾರೆ. ಯಾಕೆಂದರೆ ಕೊರತೆ ನಿಜವಾಗಿಯೂ ಇದೆ. ತಿಂಗಳಿಗೆ 150 ದಿನಾರ್ ಸಂಬಳದ ಪ್ಯಾಕಿಂಗ್ ಕೆಲಸಗಾರನನ್ನೇ ತೆಗೆದುಕೊಳ್ಳಿ. ಎಂಟು ವರ್ಷ ದುಡಿದು ತೀರಿಕೊಂಡರೆ 2010ರ ಕಾರ್ಮಿಕ ಕಾಯ್ದೆಯ ಇಂಡೆಮ್ನಿಟಿ ಎಷ್ಟು? ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳ ಸಂಬಳ; ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಸುಮಾರು 883 ದಿನಾರ್. ಕೆಲಸದ ವೇಳೆಯ ಗಾಯಕ್ಕೆ ಮಾಲೀಕರೇ ವಿಮೆ ಮಾಡಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಇಸಿಆರ್ ಪಾಸ್‌ಪೋರ್ಟಿನಲ್ಲಿ ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 275 ಅಥವಾ 375 ರೂಪಾಯಿ ಪ್ರೀಮಿಯಂಗೆ 10 ಲಕ್ಷದ ರಕ್ಷಣೆ. ಆದರೆ ಆ ಹತ್ತು ಲಕ್ಷ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಅವಧಿ ಎರಡು ಅಥವಾ ಮೂರು ವರ್ಷ. ಆಮೇಲೆ ನವೀಕರಿಸಿದ್ದೀರಾ ಎಂದು ಕೇಳಿ ನೋಡಿ, ಬಹಳ ಜನಕ್ಕೆ ಪಾಲಿಸಿ ಇರುವುದೇ ಮರೆತಿರುತ್ತದೆ.

2024ರ ಜೂನ್ 12ರಂದು ಮಂಗಾಫ್‌ನ ಕಾರ್ಮಿಕರ ಕಟ್ಟಡದಲ್ಲಿ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ನಮ್ಮ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಅಪಘಾತ ವಿಮೆ ಮಾರುವವರು ಈಗ ಆ ಹೆಸರನ್ನೇ ಹೇಳುತ್ತಾರೆ. ಆದರೆ ಕ್ಯಾಂಪಿನಲ್ಲಿ ರಾತ್ರಿ ಮಲಗಿದವನಿಗೆ ಹೃದಯಾಘಾತವಾಗಿ ಬೆಳಿಗ್ಗೆ ಏಳದಿದ್ದರೆ? ಅದು ಕೆಲಸದ ಗಾಯವಲ್ಲ, ಅಪಘಾತವೂ ಅಲ್ಲ. ತೂತು ಇರುವುದು ಅಲ್ಲಿ. ಅದನ್ನು ಮುಚ್ಚುವುದು ಗ್ರೂಪ್ ಟರ್ಮ್ ಲೈಫ್. ಗೆಳೆಯರಿಗೆ ಕೊಟ್ಟ ಪಟ್ಟಿಯಲ್ಲಿ ಅದೊಂದೇ ಇರಲಿಲ್ಲ.

ಇನ್ನೊಂದು ವಿಷಯ. ಸಂಬಳದಲ್ಲಿ ಹಿಡಿದ ಹಣ ವಿಮಾ ಕಂಪನಿಗೆ ತಲುಪದಿದ್ದರೆ ಹೊಣೆ ಯಾರದು? ದೆಹಲಿಯ ವಿದ್ಯುತ್ ಸಂಸ್ಥೆಯೊಂದು ಎಲ್‌ಐಸಿಗೆ ಪ್ರೀಮಿಯಂ ಕಟ್ಟದೆ ಬಿಟ್ಟಾಗ, ತೀರಿಕೊಂಡ ನೌಕರನ ಹೆಂಡತಿ ಬಸಂತಿ ದೇವಿ ಕೋರ್ಟಿಗೆ ಹೋದರು. 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಆ ಸ್ಕೀಮಿನಲ್ಲಿ ಹಣ ಹಿಡಿಯುವ ಮಾಲೀಕ ಎಲ್‌ಐಸಿಯ ಏಜೆಂಟನಿದ್ದಂತೆ, ಆದ್ದರಿಂದ ಎಲ್‌ಐಸಿ ಹಣ ಕೊಡಬೇಕು. ಈ ತೀರ್ಪು ಸಬ್ಹಾನ್‌ಗೆ ಅನ್ವಯಿಸುವುದಿಲ್ಲ. ಅಲ್ಲಿ ಒಪ್ಪಂದದಲ್ಲಿ ಬರೆದದ್ದೇ ಆಧಾರ. ಪ್ರತಿಯೊಬ್ಬನ ಹೆಸರಿಗೂ ಸರ್ಟಿಫಿಕೇಟ್ ಬೇಕು, ನಾಮಿನಿ ಹೆಸರು ಅದರಲ್ಲಿರಬೇಕು, ಅದರ ಫೋಟೋ ಊರಿನ ಮನೆಯ ಫೋನಿನಲ್ಲಿರಬೇಕು. ಊರಿನಲ್ಲಿರುವ ಹೆಂಡತಿಗೆ ಪಾಲಿಸಿ ಇರುವುದೇ ಗೊತ್ತಿಲ್ಲದಿದ್ದರೆ ಕ್ಲೇಮ್ ಮಾಡುವವರು ಯಾರು?

ಇಷ್ಟನ್ನು ಫೋನಿನಲ್ಲಿ ಹೇಳಿದ ಮೇಲೆ ಗೆಳೆಯರು ಆಫರ್ ಕೊಟ್ಟವರಿಗೆ ಮೂರು ಪ್ರಶ್ನೆ ಬರೆದು ಕಳಿಸಿದರು. ಟರ್ಮ್ ಲೈಫ್ ಪಟ್ಟಿಗೆ ಸೇರಿಸುತ್ತೀರಾ, ಕೆಲಸ ಬಿಟ್ಟವನು ತಾನೇ ಪ್ರೀಮಿಯಂ ಕಟ್ಟಿ ಪಾಲಿಸಿ ಮುಂದುವರಿಸಬಹುದಾ, ಮಾಲೀಕರು ಹಣ ಕಟ್ಟುವುದು ತಡವಾದ ತಿಂಗಳು ರಕ್ಷಣೆ ಇರುತ್ತದಾ. ಮೊದಲನೆಯದಕ್ಕೆ "ನೋಡೋಣ" ಅಂದಿದ್ದಾರೆ. ಎರಡನೆಯದಕ್ಕೆ ಇಲ್ಲ. ಮೂರನೆಯದಕ್ಕೆ ಉತ್ತರ ಬಂದಿಲ್ಲ. ಬರುವವರೆಗೆ ಫಾರ್ಮುಗಳು ಅವರ ಡ್ರಾಯರಿನಲ್ಲೇ ಇವೆ.