ಪಿಯುಸಿ ಪುಸ್ತಕ: ಮೊದಲು ಮುದ್ರಣದ ವರ್ಷ ನೋಡಿ

ರಾಜ್ಯದ ಪಿಯುಸಿ ವಿಜ್ಞಾನ ವಿಷಯಗಳಿಗೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಪಠ್ಯ. ಅಣ್ಣ, ಅಕ್ಕ ಓದಿದ ಪುಸ್ತಕವನ್ನೇ ತಮ್ಮ, ತಂಗಿಗೆ ಕೊಡುವುದು ಅನೇಕ ಮನೆಗಳ ವಾಡಿಕೆ. ಇದರಿಂದ ಹಣ ಉಳಿಯುತ್ತದೆ. ಆದರೆ 2022ರಲ್ಲಿ ಎನ್‌ಸಿಇಆರ್‌ಟಿ ಪಾಠಗಳ ಹೊರೆ ಇಳಿಸಿತು. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಘನಸ್ಥಿತಿ, ಪಾಲಿಮರ್ ಅಧ್ಯಾಯಗಳು ಅದರಲ್ಲಿ ಹೋದವು. ಹಳೆಯ ಪುಸ್ತಕ ಹಿಡಿದ ಮಗು ಪರೀಕ್ಷೆಗೆ ಬೇಡದ ಪಾಠಕ್ಕೆ ವಾರಗಟ್ಟಲೆ ಕಳೆಯಬಹುದು.

ಆದ್ದರಿಂದ ಮುದ್ರಣದ ವರ್ಷ ನೋಡಿ, ಪರಿವಿಡಿಯನ್ನು ಈ ವರ್ಷದ ಪುಸ್ತಕದೊಂದಿಗೆ ಹೋಲಿಸಬೇಕು. ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಗೈಡುಗಳನ್ನು ಮೊದಲ ದಿನವೇ ಕೊಳ್ಳಬೇಕಿಲ್ಲ. ಪಠ್ಯದ ಒಂದೆರಡು ಅಧ್ಯಾಯ ಓದಿ, ಕೊನೆಯ ಅಭ್ಯಾಸ ಲೆಕ್ಕ ಬಿಡಿಸಿದ ಮೇಲೆ ಯಾವ ವಿಷಯಕ್ಕೆ ಗೈಡು ಬೇಕೆಂದು ಮಗುವೇ ಹೇಳುತ್ತದೆ. ಹಳೆಯ ಪುಸ್ತಕ ದಾನ ಮಾಡುವವರೂ ವರ್ಷ ನೋಡಿ ಕೊಟ್ಟರೆ ಪಡೆದವರಿಗೆ ನಿಜವಾದ ಉಪಕಾರ.